ಕೇಳುವವನೂ ಕೊಡುವವನೂ ಒಂದೇ ಆದಾಗ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವೆಬ್ ಪ್ರೋಗ್ರಾಮಿಂಗ್ ಕಲಿಯಲು ಕೂತ ವಿದ್ಯಾರ್ಥಿ ಮೊದಲು ತನ್ನ ಲ್ಯಾಪ್‌ಟಾಪಿನಲ್ಲೇ ಒಂದು ಸರ್ವರ್ ಕೂರಿಸಿಕೊಳ್ಳಬೇಕಾಗುತ್ತದೆ. ಅಪಾಚೆ ಎಂಬ ಸರ್ವರ್ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿ, ಚಾಲೂ ಮಾಡಿ, ತಾನು ಬರೆದ ಪುಟವನ್ನು ಅದಕ್ಕೆ ಗೊತ್ತಿರುವ ಫೋಲ್ಡರಿನಲ್ಲಿಟ್ಟು, ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಟೈಪ್ ಮಾಡಿದರೆ ಪುಟ ತೆರೆದುಕೊಳ್ಳುತ್ತದೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಕೇಳಿದ್ದು ಯಾವ ಯಂತ್ರವೋ ಕೊಟ್ಟದ್ದೂ ಅದೇ. ಒಂದರಲ್ಲೇ ಎರಡಿರುವ ಈ ನೋಟ ಇಲ್ಲಿನವರಿಗೆ ಹೊಸದಲ್ಲ. ಊರಿನಿಂದ ಹದಿನಾಲ್ಕು ಕಿಲೋಮೀಟರ್ ಆಸುಪಾಸಿನ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಹರಿ, ಹರ ಎಂಬ ಎರಡು ದೇವರು ಒಂದೇ ಮೈಯಾಗಿ ನಿಂತಿದ್ದಾರೆ. ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಮೈಯೇ ಗುಡಿಯೆಂಬ ನಂಬಿಕೆಯಲ್ಲಿ ಪೂಜೆ ನಡೆಯುತ್ತದೆ. ಇವೆಲ್ಲ ಒಂದೇ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತುತ್ತವೆ: ದೇವರೂ ಭಕ್ತನೂ ಮೂಲದಲ್ಲಿ ಒಂದೇ ಆಗಿದ್ದರೆ ಪೂಜೆ ಯಾರಿಗೆ, ಯಾರಿಂದ? ತನ್ನನ್ನು ತಾನೇ ಬೇಡಿಕೊಳ್ಳುವುದು ವ್ಯರ್ಥವಲ್ಲವೇ? ವ್ಯರ್ಥವಲ್ಲ ಎಂಬುದು ನನ್ನ ವಾದ. ಒಂದಾಗಿರುವುದರಿಂದ ಕೇಳುವ, ಕೊಡುವ ಸಂಬಂಧ ಅಳಿದುಹೋಗುವುದಿಲ್ಲ.

ಯಂತ್ರದ ನಡವಳಿಕೆಯನ್ನೇ ಮೊದಲು ಹತ್ತಿರದಿಂದ ನೋಡೋಣ. ಬ್ರೌಸರ್ ಮತ್ತು ಸರ್ವರ್ ಒಂದೇ ಪೆಟ್ಟಿಗೆಯಲ್ಲಿದ್ದರೂ ಅವುಗಳ ನಡುವೆ ಸಲಿಗೆಯಿಲ್ಲ. ಬ್ರೌಸರ್ ‘ಲೋಕಲ್‌ಹೋಸ್ಟ್’ ಸೂಚಿಸುವ 127.0.0.1 ಎಂಬ ವಿಳಾಸದ, ಸಾಮಾನ್ಯವಾಗಿ 80ನೇ ಪೋರ್ಟಿನ, ಕದ ತಟ್ಟುತ್ತದೆ. ದೂರದೇಶದ ಸರ್ವರಿನೊಡನೆ ನಡೆಯುವ ಶಿಷ್ಟಾಚಾರವೇ ಇಲ್ಲಿಯೂ ನಡೆಯುತ್ತದೆ: ಮಾತಾಡಬಹುದೇ ಎಂದು ಒಂದು ಸಂದೇಶ, ಆಗಬಹುದು ಎಂದು ಮರುಸಂದೇಶ, ಸರಿ ಎಂದು ಮೂರನೆಯದು, ಕೋರಿಕೆಯೇನಿದ್ದರೂ ಆಮೇಲೆ. ಈ ಸಂದೇಶಗಳು ನೆಟ್‌ವರ್ಕ್ ಕಾರ್ಡಿನ ತನಕವೂ ಹೋಗುವುದಿಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಒಳಗೇ ತಿರುಗಿ ಬರುತ್ತವೆ. ಆದರೂ ಒಂದು ಮೆಟ್ಟಿಲನ್ನೂ ಬಿಡುವಂತಿಲ್ಲ. ಸರ್ವರ್ ಚಾಲೂ ಮಾಡಲು ಮರೆತಿದ್ದರೆ, ಪುಟ ಅದೇ ಡಿಸ್ಕಿನಲ್ಲಿದ್ದರೂ ಸಂಪರ್ಕ ನಿರಾಕರಿಸಲಾಗಿದೆ ಎಂಬ ಉತ್ತರ ಬರುತ್ತದೆ. ಈ ಶಿಷ್ಟಾಚಾರವೆಲ್ಲ ಯಾಕೆ ಎಂದು ಕಡತವನ್ನು ಬ್ರೌಸರಿನಲ್ಲಿ ನೇರವಾಗಿ ತೆರೆಯಲೂಬಹುದು. ಆಗ ಅದರಲ್ಲಿ, ಸರ್ವರ್ ಓದಿ ನಡೆಸಲೆಂದು ಬರೆದ ಪಿಎಚ್‌ಪಿ ಸಾಲುಗಳು ಬರಿಯ ಸಾಲುಗಳಾಗಿಯೇ ಉಳಿಯುತ್ತವೆ, ಕೆಲಸ ಮಾಡುವುದಿಲ್ಲ. ಇದು ನನ್ನ ವಾದದ ಮುಖ್ಯ ಸಾಕ್ಷಿ. ವಸ್ತು ತನ್ನದೇ ಆಗಿತ್ತು, ತನ್ನ ಬಳಿಯೇ ಇತ್ತು. ಕೇಳಿ ಪಡೆದಾಗ ಫಲ ಕೊಟ್ಟಿತು, ಕೇಳದೆ ಎತ್ತಿಕೊಂಡಾಗ ಕೊಡಲಿಲ್ಲ.

ಆ ವಿಳಾಸದಲ್ಲೇ ಇನ್ನೊಂದು ಗುಣವಿದೆ. 127ರಿಂದ ಶುರುವಾಗುವ 1,67,77,216 ವಿಳಾಸಗಳನ್ನು ಯಂತ್ರ ತನ್ನನ್ನು ತಾನು ಕರೆದುಕೊಳ್ಳಲೆಂದೇ ಮೀಸಲಿಡಲಾಗಿದೆ. ದಾವಣಗೆರೆಯ ಲ್ಯಾಪ್‌ಟಾಪಿನಲ್ಲೂ ಹರಿಹರದ ಲ್ಯಾಪ್‌ಟಾಪಿನಲ್ಲೂ 127.0.0.1 ಎಂಬುದು ಅದೇ ಅಂಕಿ, ಆದರೆ ಪ್ರತಿಯೊಂದರಲ್ಲೂ ಅದು ತೋರಿಸುವುದು ತನ್ನನ್ನೇ. ನಮ್ಮ ಭಾಷೆಯಲ್ಲಿ ಹೀಗೆ ದುಡಿಯುವ ಶಬ್ದ ‘ನಾನು’. ಬೃಹದಾರಣ್ಯಕ ಉಪನಿಷತ್ತಿನ ಮೊದಲ ಅಧ್ಯಾಯದಲ್ಲಿ, ಆದಿಯಲ್ಲಿ ಒಂದೇ ಆಗಿದ್ದ ಆತ್ಮ ಸುತ್ತ ನೋಡಿ, ತನ್ನ ಹೊರತು ಬೇರೇನನ್ನೂ ಕಾಣದೆ, ಮೊದಲು ನುಡಿದದ್ದು ಈ ಶಬ್ದವನ್ನೇ. ಒಂಟಿಯಾಗಿ ಸುಖವಿಲ್ಲವೆಂದು ಕಂಡು ಅದು ತನ್ನನ್ನೇ ಎರಡಾಗಿಸಿಕೊಂಡಿತು ಎಂದು ಕಥೆ ಮುಂದುವರಿಯುತ್ತದೆ. ಇಲ್ಲಿ ಎರಡಾಗುವುದು ಒಂದರ ಸೋಲಲ್ಲ, ಅದರ ಇಚ್ಛೆ.

ಗಟ್ಟಿಯಾದ ಆಕ್ಷೇಪವೂ ಅದೇ ಉಪನಿಷತ್ತಿನಲ್ಲಿದೆ. ಎರಡೆಂಬುದು ಇದ್ದಾಗ ಒಬ್ಬ ಇನ್ನೊಬ್ಬನನ್ನು ನೋಡುತ್ತಾನೆ, ಮಾತಾಡಿಸುತ್ತಾನೆ. ಎಲ್ಲವೂ ಆತ್ಮವೇ ಆದಾಗ ಯಾರು, ಯಾತರಿಂದ, ಯಾರನ್ನು ಮಾತಾಡಿಸುವುದು ಎಂದು ಋಷಿ ಯಾಜ್ಞವಲ್ಕ್ಯ ತನ್ನ ಹೆಂಡತಿ ಮೈತ್ರೇಯಿಗೆ ಹೇಳುತ್ತಾನೆ. ಹಾಗಾದರೆ ಪೂಜೆ ಅರಿವು ಹುಟ್ಟುವ ತನಕದ ಏಣಿ ಮಾತ್ರ, ಹತ್ತಿದ ಮೇಲೆ ಒದೆಯಬೇಕಾದದ್ದು ಎಂದು ವಾದಿಸಬಹುದು. ಈ ಮಾತಿಗೆ ತೂಕವಿದೆ. ಆದರೆ ಯಾಜ್ಞವಲ್ಕ್ಯ ಅದನ್ನು ಮೌನದಲ್ಲಿ ಕಂಡುಕೊಂಡು ಸುಮ್ಮನಾಗಲಿಲ್ಲ. ಮನೆ ಬಿಟ್ಟು ಹೊರಟ ಹೊತ್ತಿನಲ್ಲಿ, ಹೆಂಡತಿ ಕೇಳಿದಳೆಂದು, ಅವಳ ಮುಂದೆ ಹೇಳಿದ. ಎರಡಿಲ್ಲ ಎಂಬ ಅರಿವು ಇಬ್ಬರ ಮಾತಿನಲ್ಲೇ ಮೂಡಿತು. ವೀರಶೈವರ ಷಟ್‌ಸ್ಥಲವೂ ಭಕ್ತನಿಂದ ತೊಡಗಿ ಐಕ್ಯದವರೆಗೆ ಆರು ನೆಲೆಗಳನ್ನು ಹೇಳುತ್ತದೆ. ಅದರಲ್ಲಿ ಕೊನೆಯದನ್ನು ಮುಟ್ಟಿದವನಿಗೆ ಮೊದಲಿನ ಭಕ್ತಿ ಸುಳ್ಳಾಗುವುದಿಲ್ಲ. ಅಂಗ ಮತ್ತು ಲಿಂಗದ ಸಾಮರಸ್ಯ ಎನ್ನುವಲ್ಲಿ ‘ಸಾಮರಸ್ಯ’ ಎಂಬ ಪದವೇ ಹೊಂದಿಕೊಳ್ಳುವ ಎರಡನ್ನು ಬಯಸುತ್ತದೆ.

ಹರಿಹರದ ವಿಗ್ರಹವನ್ನು ಈ ಕಣ್ಣಿನಿಂದ ನೋಡಬೇಕು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯದು. ಅದು ಶೈವ ವೈಷ್ಣವರ ಜಗಳ ತೀರಿಸಲು ಮಾಡಿಕೊಂಡ ರಾಜಿ ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ರಾಜಿಯಷ್ಟೇ ಬೇಕಿದ್ದರೆ ಅಕ್ಕಪಕ್ಕ ಎರಡು ಗರ್ಭಗುಡಿ ಕಟ್ಟಿದ್ದರೆ ಸಾಕಿತ್ತು, ಹೊಯ್ಸಳರ ಶಿಲ್ಪಿಗಳಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ. ಇಲ್ಲಿ ಮೈ ಒಂದು. ಬಲಗಡೆ ಶಿವನ ಲಾಂಛನಗಳು, ಎಡಗಡೆ ವಿಷ್ಣುವಿನವು. ಎರಡನ್ನೂ ಕಲಸಿ ಗುರುತು ಸಿಗದ ಮೂರನೆಯ ದೇವರನ್ನು ಮಾಡಲಿಲ್ಲ. ಸ್ಥಳಪುರಾಣದ ಗುಹಾಸುರನ ಕಥೆಯೂ ಇದನ್ನೇ ಹೇಳುತ್ತದೆ: ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರ ಪಡೆದವನನ್ನು ಇಬ್ಬರೂ ಒಂದಾಗಿ ಕೊಂದರು. ಒಬ್ಬೊಬ್ಬರಾಗಿ ಹೋಗಿದ್ದರೆ ವರ ತಡೆಯುತ್ತಿತ್ತು, ಇಬ್ಬರೂ ಇಲ್ಲವಾಗಿದ್ದರೆ ಕೊಲ್ಲಲು ಯಾರೂ ಇರುತ್ತಿರಲಿಲ್ಲ.

ಯಂತ್ರಕ್ಕೆ ಚೇತನವಿಲ್ಲ, ಅದನ್ನು ಮುಂದಿಟ್ಟು ದೇವರ ಮಾತಾಡುವುದು ಸಲ್ಲದು ಎಂದರೆ ಒಪ್ಪಬೇಕಾದ ಮಾತೇ. ಲ್ಯಾಪ್‌ಟಾಪ್ ದೇವರನ್ನು ಸಿದ್ಧಮಾಡಿ ತೋರಿಸುವುದಿಲ್ಲ. ಕೇಳುವವನೂ ಕೊಡುವವನೂ ಒಂದೇ ಆದರೆ ಕೇಳುವುದಕ್ಕೇ ಅರ್ಥವಿಲ್ಲ ಎಂಬ ತರ್ಕದ ನಿಯಮವೊಂದು ಇದೆಯೆಂದು ನಾವು ನಂಬಿದ್ದೆವಲ್ಲ, ಆ ನಿಯಮ ಇಲ್ಲವೆಂಬುದನ್ನಷ್ಟೇ ತೋರಿಸುತ್ತದೆ. ಅಷ್ಟು ಸಾಕು. ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆ: ತನ್ನೊಳಗೇ ನಡೆಯುವ ಸಂವಾದ ಆತ್ಮವಂಚನೆಯಾಗಬಹುದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚಿತ್ರದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೂ ಪುಟ ಚೆನ್ನಾಗಿಯೇ ಕಾಣುತ್ತದೆ. ಅದೇ ಪುಟ ಲಿನಕ್ಸ್ ಸರ್ವರಿಗೆ ಹೋದಾಗ ಚಿತ್ರ ಮಾಯ. ಮನೆಯೊಳಗೆ ತಪ್ಪು ತಪ್ಪಾಗಿ ಕಂಡೇ ಇರಲಿಲ್ಲ. ಒಬ್ಬಂಟಿ ಸಾಧಕನ ಅಪಾಯವೂ ಇಂಥದ್ದು, ತನ್ನ ಬಯಕೆಯನ್ನೇ ದೇವರ ಉತ್ತರವೆಂದು ಓದಿಕೊಳ್ಳುತ್ತಾನೆ. ಇದಕ್ಕೆ ನಮ್ಮ ಪರಂಪರೆಯಲ್ಲೇ ಪರಿಹಾರವಿದೆ. ಇಷ್ಟಲಿಂಗವನ್ನು ಯಾರೂ ತಾನಾಗಿ ಕಟ್ಟಿಕೊಳ್ಳುವುದಿಲ್ಲ, ಗುರು ಕೊಡಬೇಕು. ಹನ್ನೆರಡನೇ ಶತಮಾನದ ಶರಣರು ಅಂಗೈಯ ಪೂಜೆಯ ಜೊತೆಗೇ, ಅಲ್ಲಮಪ್ರಭುವನ್ನು ಮುಂದೆ ಕೂರಿಸಿಕೊಂಡು, ಕಲ್ಯಾಣದ ಅನುಭವ ಮಂಟಪದಲ್ಲಿ ತಮ್ಮ ಅನುಭವವನ್ನು ಹತ್ತು ಜನರ ಪರೀಕ್ಷೆಗೆ ಒಡ್ಡಿದರು. ಒಳಗಿನದು ನಿಜವೋ ಎಂದು ತಿಳಿಯುವುದು ಹೊರಗೆ ಬಂದಾಗ. ಹಾಗೆಂದು ಒಳಗೆ ನಡೆದದ್ದು ಆಟವಲ್ಲ, ಹೊರಗೆ ಕೊಡಲಿಕ್ಕೆ ಏನಾದರೂ ಸಿದ್ಧವಾದದ್ದು ಅಲ್ಲಿಯೇ.

ಹರಿಹರೇಶ್ವರನ ಗುಡಿಗೆ ಎಂಟು ನೂರು ವರ್ಷ ತುಂಬಿದೆ. ದಾವಣಗೆರೆಯ ಲ್ಯಾಬಿನಲ್ಲಿ ಕೂತು 127.0.0.1 ಎಂದು ಟೈಪ್ ಮಾಡುವ ಹುಡುಗ ಹುಡುಗಿಯರು ಒಂದು ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕು. ವಿಗ್ರಹದ ಎದುರು ಸ್ವಲ್ಪ ಹೊತ್ತು ನಿಂತು, ಎಡಬಲಗಳು ಕೂಡುವ ನಡುಗೆರೆಯನ್ನು ನೋಡಬೇಕು.