ಔಷಧ ಇರುವ ನೋವು

ನಮ್ಮ ಕಾರ್ಕಳದ ಬೆಟ್ಟದ ಮೇಲಿನ ಬಾಹುಬಲಿಯನ್ನು ನೆನೆದು ಹಲ್ಲುನೋವು ನುಂಗಿಕೊಂಡವರು ನನ್ನ ಚಿಕಿತ್ಸಾಲಯಕ್ಕೆ ಬರುತ್ತಾರೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ, 42 ಅಡಿ ಎತ್ತರದ ಆ ಮೂರ್ತಿಯ ಕೈಕಾಲುಗಳಿಗೆ ಬಳ್ಳಿ ಸುತ್ತಿಕೊಂಡಿದೆ. "ಸ್ವಾಮಿ ಅಷ್ಟೆಲ್ಲ ಸಹಿಸಿದ್ದಾರೆ ಡಾಕ್ಟ್ರೇ, ನನ್ನದೊಂದು ದವಡೆ ಹಲ್ಲು ಯಾವ ಲೆಕ್ಕ? ನೋವು ಕೊಡುವ ಅಸಾತಾ ಕರ್ಮ ಉದಯಕ್ಕೆ ಬಂದಿದೆ, ಅನುಭವಿಸಿಯೇ ತೀರಿಸಬೇಕು" ಎನ್ನುತ್ತಾರೆ. ಹೀಗೆನ್ನುವಾಗ ಅವರ ಅರ್ಧ ಮುಖ ಊದಿರುತ್ತದೆ. ಪಕ್ಕದಲ್ಲಿ ಹಟ ಹಿಡಿದು ಕರೆತಂದ ಮಗನೋ ಮೊಮ್ಮಗಳೋ ನಿಂತಿರುತ್ತಾರೆ.

ನಾನೂ ಜೈನ ಮನೆಯಲ್ಲಿ ಹುಟ್ಟಿದವಳು. ಹೊತ್ತು ಮುಳುಗಿದ ಮೇಲೆ ತೊಟ್ಟು ನೀರನ್ನೂ ಮುಟ್ಟದೆ ಬಾಳಿದ ಅಜ್ಜಿಯ ಕೈಯಲ್ಲಿ ಬೆಳೆದವಳು. ಕರ್ಮದ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನನ್ನಿಂದಾಗದು. ಅದಕ್ಕೆ ಉತ್ತರವನ್ನು ನಮ್ಮ ಶಾಸ್ತ್ರದೊಳಗೇ ಹುಡುಕಬೇಕೆಂದು ನನಗೆ ಅನ್ನಿಸಿದೆ, ಹುಡುಕಿದ್ದೇನೆ.

ಮೊದಲು ಈ ನೋವು ಎಂಥದ್ದು ಎಂದು ಹೇಳುತ್ತೇನೆ. ಹಲ್ಲಿನ ಹೊರಪದರ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರಲ್ಲಿ ನರವಿಲ್ಲ, ನೋವಿಲ್ಲ. ಅದರೊಳಗೆ ಡೆಂಟಿನ್, ಡೆಂಟಿನ್‌ನ ಒಡಲಲ್ಲಿ ನರವೂ ರಕ್ತನಾಳವೂ ತುಂಬಿದ ಮೆತ್ತನೆಯ ತಿರುಳು. ಹುಳುಕು ಇಳಿಯುತ್ತಾ ತಿರುಳಿನ ಹತ್ತಿರ ಬಂದಾಗ ಅಲ್ಲಿ ಉರಿಯೂತ ಶುರುವಾಗುತ್ತದೆ. ಕೈಗೆ ಪೆಟ್ಟಾದರೆ ಕೈ ಊದಿಕೊಳ್ಳುತ್ತದೆ. ತಿರುಳಿಗೆ ಊದಲು ಜಾಗವೇ ಇಲ್ಲ, ಸುತ್ತಲೂ ಬಗ್ಗದ ಗೋಡೆ. ಒತ್ತಡವೆಲ್ಲ ನರದ ಮೇಲೆ ಬೀಳುತ್ತದೆ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಏರುವುದರಿಂದ ಹಗಲಿಗಿಂತ ರಾತ್ರಿ ನೋವು ಹೆಚ್ಚು. ಮುಖದ ಬೇರೆ ಭಾಗಗಳ ಸಂವೇದನೆಯನ್ನು ಹೊರುವ ನರವೇ ಹಲ್ಲಿನದನ್ನೂ ಹೊರುವುದರಿಂದ ನೋವು ಕಿವಿಗೆ, ಕಪೋಲಕ್ಕೆ ಹಬ್ಬುತ್ತದೆ. ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಲೂ ಎಷ್ಟೋ ಜನರಿಗೆ ಆಗುವುದಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನೋವು ತಟ್ಟನೆ ನಿಂತುಬಿಡುತ್ತದೆ. "ಕರ್ಮ ಕಳೆಯಿತು" ಎಂದು ಕೈಮುಗಿಯುತ್ತಾರೆ. ನನಗೆ ಅತ್ಯಂತ ಭಯ ಹುಟ್ಟಿಸುವ ಮಾತು ಇದೇ. ಆ ಬೆಳಿಗ್ಗೆ ಬಹಳ ಸಲ ತಿರುಳು ಸತ್ತಿರುತ್ತದೆ, ಸುದ್ದಿ ಮುಟ್ಟಿಸಲು ನರ ಉಳಿದಿರುವುದಿಲ್ಲ. ಸೋಂಕು ಮಾತ್ರ ಬೇರಿನ ತುದಿಯಿಂದ ದವಡೆಯ ಮೂಳೆಗೆ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ನೋವು ನಿಂತದ್ದನ್ನೇ ಕರ್ಮ ತೀರಿದ್ದಕ್ಕೆ ಸಾಕ್ಷಿ ಎಂದುಕೊಂಡವರು ತಿಂಗಳುಗಳ ನಂತರ ಕೀವು ತುಂಬಿದ ದವಡೆಯೊಂದಿಗೆ ಬರುತ್ತಾರೆ.

ಇನ್ನು ಕರ್ಮದ ವಿಷಯ. ಒಮ್ಮೆ ಕಟ್ಟಿದ ಕರ್ಮ ಕಟ್ಟಿದ ಹಾಗೆಯೇ ಫಲ ಕೊಡಲೇಬೇಕು ಎಂದು ಜೈನ ಸಿದ್ಧಾಂತ ಹೇಳುವುದಿಲ್ಲ. ಅದರ ಅವಧಿಯೂ ತೀವ್ರತೆಯೂ ಕುಗ್ಗಬಹುದು, ಅದು ಅಪಕರ್ಷಣ. ಅಸಾತಾ ಸುಖ ಕೊಡುವ ಸಾತಾ ಆಗಿ ಮಾರ್ಪಡಬಹುದು, ಅದು ಸಂಕ್ರಮಣ. ಜೀವದ ಪ್ರಯತ್ನಕ್ಕೆ ಇಷ್ಟು ಜಾಗ ಬಿಟ್ಟಿರುವ ಸಿದ್ಧಾಂತವನ್ನು ಕೈಕಟ್ಟಿ ಕೂರುವುದಕ್ಕೆ ನೆಪ ಮಾಡಿಕೊಳ್ಳುವುದು ಅದಕ್ಕೆ ಮಾಡುವ ಅನ್ಯಾಯ.

ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ನೋಡಿ. ಸಲ್ಲೇಖನವನ್ನು ಯಾವಾಗ ಕೈಗೊಳ್ಳಬಹುದು ಎಂದು ಹೇಳುವಾಗ ಅವರು ಉಪಸರ್ಗ (ಬಂದೆರಗುವ ಆಪತ್ತು), ಬರಗಾಲ, ಮುಪ್ಪು, ರೋಗ ಎಂದು ಎಣಿಸಿ, ಅವಕ್ಕೆ ಪ್ರತೀಕಾರವೇ ಇಲ್ಲದಿರಬೇಕು ಎಂಬ ನಿಬಂಧನೆ ಹಾಕುತ್ತಾರೆ. ದೇಹವನ್ನೇ ತೊರೆಯುವ ವ್ರತಕ್ಕೂ ಈ ಷರತ್ತು! ಪರಂಪರೆ ಹೇಳುವ ಅವರದೇ ಕಥೆ ಇನ್ನೂ ದೊಡ್ಡದು. ಭಸ್ಮಕ ಎಂಬ ತೀರದ ಹಸಿವಿನ ರೋಗ ತಗುಲಿದಾಗ ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರಂತೆ. ಗುರು ಕೊಡಲಿಲ್ಲ. ದೀಕ್ಷೆಯನ್ನು ಸದ್ಯಕ್ಕೆ ಬಿಟ್ಟು ರೋಗ ವಾಸಿಮಾಡಿಕೊ, ಆಮೇಲೆ ಮತ್ತೆ ಮುನಿಯಾಗು ಎಂದರಂತೆ. ಮುನಿದೀಕ್ಷೆಗಿಂತ ಚಿಕಿತ್ಸೆಯನ್ನು ಮುಂದೆ ಇಟ್ಟ ಆ ಗುರುವನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ.

ಬಾಹುಬಲಿ ನಿಂತದ್ದು ತಾನೇ ಆರಿಸಿಕೊಂಡ ತಪಸ್ಸಿನಲ್ಲಿ. ಹುಳುಕು ಹಲ್ಲನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಇನ್ನೊಬ್ಬರ ನೋವಿಗೆ "ನಿನ್ನ ಕರ್ಮ" ಎನ್ನುವುದಂತೂ ಧರ್ಮದ ಮಾತೇ ಅಲ್ಲ. ನಮ್ಮ ಮನೆಗಳಲ್ಲಿ ಈ ಮಾತು ಹೆಂಗಸರ ಮೇಲೆಯೇ ಹೆಚ್ಚು ಬೀಳುತ್ತದೆ. ಹಬ್ಬ ಮುಗಿಯಲಿ, ಮದುವೆ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಸೆರಗಿನಿಂದ ಕೆನ್ನೆ ಒತ್ತಿಕೊಂಡೇ ಅಡುಗೆ ಮಾಡಿದವರನ್ನು ತಾಳ್ಮೆಯವಳು ಎಂದು ಹೊಗಳುತ್ತಾರೆ. ಆ ಹೊಗಳಿಕೆಯ ಬೆಲೆ ಒಂದು ಹಲ್ಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವನ್ನೂ ದಾನವೆಂದು ಎಣಿಸಿದವರು ನಮ್ಮ ಹಿರಿಯರು. ಕೊಡುವುದು ಪುಣ್ಯವಾದರೆ ತೆಗೆದುಕೊಳ್ಳುವುದು ಪಾಪ ಹೇಗಾದೀತು?

ವ್ರತ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರಾತ್ರಿ ನೀರು ಮುಟ್ಟದವರಿಗೆ ಬೆಳಿಗ್ಗೆಯೇ ಸಮಯ ಕೊಡುತ್ತೇನೆ. ಹಲ್ಲು ತೆರೆದು ಕೆಟ್ಟ ತಿರುಳನ್ನು ತೆಗೆದರೆ ಒತ್ತಡ ಇಳಿಯುತ್ತದೆ, ಬಹಳ ಜನರಿಗೆ ರಾತ್ರಿ ಮಾತ್ರೆಯ ಅಗತ್ಯವೇ ಬೀಳುವುದಿಲ್ಲ. ಬೇಕಾದವರಿಗೆ ಸೂರ್ಯಾಸ್ತದ ಮೊದಲು ಮತ್ತು ಸೂರ್ಯೋದಯದ ನಂತರ ನುಂಗುವಂಥದ್ದನ್ನು ಬರೆದುಕೊಡುತ್ತೇನೆ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ನರವನ್ನು ತುಸು ಮರಗಟ್ಟಿಸುವುದು ನಿಜ. ಹತ್ತಿಗೆ ಒಂದು ಹನಿ ಹಾಕಿ ಹುಳುಕಿನಲ್ಲಿ ಇಟ್ಟುಕೊಳ್ಳಬಹುದು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬಹುದು. ಅದು ವೈದ್ಯರ ಬಳಿ ಹೋಗುವ ತನಕದ ಆಸರೆ, ಅಷ್ಟೇ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿ ಇಟ್ಟುಕೊಳ್ಳಬೇಡಿ, ಒಸಡೇ ಸುಡುತ್ತದೆ.

ನಿಮ್ಮ ಮನೆಯಲ್ಲಿ ಯಾರಾದರೂ ಒಂದೇ ಬದಿಯಲ್ಲಿ ಅಗಿಯುತ್ತಿದ್ದರೆ, ರಾತ್ರಿ ಎದ್ದು ಕೂರುತ್ತಿದ್ದರೆ, ಕೇಳಿ. ಏನಿಲ್ಲ ಎಂದರೂ ಕರೆದುಕೊಂಡು ಹೋಗಿ. ಗದ್ದದ ಕೆಳಗೆ ಬಾವು ಬಂದು, ಜ್ವರವಿದ್ದು, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗುವ ತನಕ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ.