ನಮ್ಮ ಸಹಪಾಠಿ ಯಾರು?

ಈ ಕಾಲದಲ್ಲಿ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಒಂದು ವಾಡಿಕೆಯು ಹಬ್ಬಿರುವದನ್ನು ನೀವು ಕಂಡಿರುವಿರಿ. ಇಪ್ಪತ್ತು ಮೂವತ್ತು ವರುಷಗಳ ಹಿಂದೆ ಒಂದೇ ಹೈಸ್ಕೂಲಿನಲ್ಲಿ ಓದಿದವರು ಮೊಬೈಲಿನ ಮೂಲಕ ಒಬ್ಬರನ್ನೊಬ್ಬರು ಹುಡುಕಿ ತೆಗೆದು, ವಾಟ್ಸ್ಆ್ಯಪಿನಲ್ಲಿ ಒಂದು ಗುಂಪು ಕಟ್ಟಿಕೊಂಡು, ಬೇಸಿಗೆಯ ರಜೆಯಲ್ಲಿ ಒಂದು ದಿನ ಹಳೇ ಶಾಲೆಯ ಅಂಗಳದಲ್ಲಿ ಕೂಡಿ, ಗುರುಗಳಿಗೆ ಶಾಲು ಹೊದಿಸಿ, ಒಟ್ಟಾಗಿ ಉಂಡು, ಹಿಂದಿನ ಸಂಗತಿಗಳನ್ನು ಹೇಳಿ ನಕ್ಕು, ಸಂಜೆಗೆ ತಮ್ಮ ತಮ್ಮ ಊರುಗಳಿಗೆ ಹೋಗುತ್ತಾರೆ. ಇದು ಸಂತೋಷದ ಕಾರ್ಯವೇ ಸರಿ. ಆದರೆ ಇದರಲ್ಲಿ ಸಂತೋಷ ಮಾತ್ರವೇ ಇರುವದೋ, ಕರ್ತವ್ಯವೆಂಬದೂ ಉಂಟೋ? ಒಂದೇ ಬೆಂಚಿನ ಮೇಲೆ ಕೂತಿದ್ದ ಮಾತ್ರಕ್ಕೆ ಒಬ್ಬನು ಇನ್ನೊಬ್ಬನಿಗೆ ಋಣಿಯಾಗಿರುತ್ತಾನೋ? ಇದನ್ನು ಸ್ವಲ್ಪ ವಿಚಾರಿಸೋಣ. ಈ ವಿಷಯದಲ್ಲಿ ನಾವು ತಪ್ಪಿದವರಾದ ಕಾರಣ ಬೋಧಿಸುವವರಂತೆ ಬರೆಯದೆ, ತಪ್ಪನ್ನು ಒಪ್ಪಿಕೊಳ್ಳುವವರಂತೆ ಬರೆಯುತ್ತೇವೆ.

ಮೊದಲು ಶಾಲೆಯ ಗೆಳೆತನದ ಗುಣವೇನೆಂದು ನೋಡತಕ್ಕದ್ದು. ದೊಡ್ಡವರಾದ ಮೇಲೆ ನಾವು ಗೆಳೆಯರನ್ನು ಆರಿಸಿಕೊಳ್ಳುತ್ತೇವೆ. ನಮ್ಮ ಹಾಗೆ ಮಾತಾಡುವವನನ್ನು, ನಮ್ಮ ಉದ್ಯೋಗದವನನ್ನು, ಕಷ್ಟಕಾಲದಲ್ಲಿ ಒದಗುವನೆಂದು ತೋರುವವನನ್ನು ಹತ್ತಿರ ಕರೆಯುತ್ತೇವೆ. ಸಹಪಾಠಿಗಳನ್ನಾದರೋ ನಾವು ಆರಿಸಿಕೊಂಡದ್ದಿಲ್ಲ. ಹಾಜರಿಯ ಪುಸ್ತಕವೇ ಅವರನ್ನು ನಮಗೆ ಕೊಟ್ಟಿತು. ಗಿಡ್ಡರು ಮುಂದೆ, ಎತ್ತರದವರು ಹಿಂದೆ ಎಂದು ಮೇಷ್ಟರು ಹೇಳಿದಲ್ಲಿ ಕೂತೆವು. ಒಕ್ಕಲಿಗನ ಮಗನೂ ನೇಕಾರನ ಮಗನೂ ಅಂಗಡಿಯವನ ಮಗನೂ ಕೂಲಿಯವನ ಮಗನೂ ಒಂದೇ ಹಲಿಗೆಯನ್ನು ನೋಡಿದರು, ಒಂದೇ ಬೆತ್ತಕ್ಕೆ ಅಂಜಿದರು. ನಮಗೆ ಹುದ್ದೆಯಾಗಲಿ, ಸಂಬಳವಾಗಲಿ, ಜನರು ಕೈಮುಗಿಯುವ ಮರ್ಯಾದೆಯಾಗಲಿ ಇಲ್ಲದ ದಿವಸಗಳಲ್ಲಿ ನಮ್ಮನ್ನು ಕಂಡವರು ಅವರೇ. ತಂದೆತಾಯಿಗಳು ನಮ್ಮನ್ನು ಮನೆಯಲ್ಲಿ ಕಂಡರು, ಹೆಂಡತಿ ಮಕ್ಕಳು ನಮ್ಮನ್ನು ದೊಡ್ಡವರಾದ ಮೇಲೆ ಕಂಡರು. ಹದಿಮೂರು ಹದಿನಾಲ್ಕು ವರುಷದ ಹುಡುಗನು ಮನೆಯ ಹೊರಗೆ ಹೇಗಿದ್ದನೆಂಬದಕ್ಕೆ ಸಹಪಾಠಿಗಳ ಹೊರತು ಬೇರೆ ಸಾಕ್ಷಿಗಳಿಲ್ಲ.

ನಮ್ಮ ಬಾಲ್ಯವನ್ನು ನಾವೇ ಬಲ್ಲೆವಲ್ಲಾ, ಸಾಕ್ಷಿಗಳು ಯಾತಕ್ಕೆ ಎಂದು ಯಾರಾದರೂ ಕೇಳಬಹುದು. ನೆನಪೆಂಬದು ನಾವು ಎಣಿಸುವಷ್ಟು ನಂಬಿಗಸ್ತವಾದ ಆಳಲ್ಲ. ಅಮೇರಿಕಾ ದೇಶದ ಹ್ಯಾರಿ ಬಾಹ್ರಿಕ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಇಬ್ಬರು ಜೊತೆಗಾರರೊಂದಿಗೆ ಹೈಸ್ಕೂಲಿನ ಸಹಪಾಠಿಗಳ ವಿಷಯದಲ್ಲಿಯೇ ಒಂದು ಶೋಧನೆಯನ್ನು ಮಾಡಿ ೧೯೭೫ನೆಯ ಇಸವಿಯಲ್ಲಿ ಪ್ರಕಟಿಸಿದರು. ಆ ದೇಶದ ಶಾಲೆಗಳಲ್ಲಿ ವಿದ್ಯಾರ್ಥಿಗಳ ಭಾವಚಿತ್ರಗಳುಳ್ಳ ಪುಸ್ತಕವನ್ನು ವರುಷ ವರುಷ ಅಚ್ಚುಹಾಕಿಸುವ ಪದ್ಧತಿಯುಂಟು. ಹದಿನೇಳರಿಂದ ಎಪ್ಪತ್ತನಾಲ್ಕು ವರುಷ ಪ್ರಾಯದ ವರೆಗಿನ ೩೯೨ ಮಂದಿಯನ್ನು ಕರೆದು, ಅವರವರ ಪುಸ್ತಕದ ಚಿತ್ರಗಳನ್ನೂ ಹೆಸರುಗಳನ್ನೂ ಮುಂದಿಟ್ಟು ಪರೀಕ್ಷಿಸಿದರು. ಶಾಲೆ ಬಿಟ್ಟು ಹದಿನೈದು ವರುಷಗಳಾದವರು ಸಹ ನೂರು ಮುಖಗಳಲ್ಲಿ ಸುಮಾರು ೯೦ನ್ನು ಗುರುತಿಸಿದರು. ಚಿತ್ರವಿಲ್ಲದೆ ಹೆಸರುಗಳನ್ನು ಹೇಳಿರೆಂದಾಗಲೋ, ಹೇಳಿದ ಹೆಸರುಗಳು ಬಹಳ ಕಡಿಮೆಯಾದವು. ಇದರಿಂದ ತಿಳಿಯುವದೇನಂದರೆ, ಹಳೆಯ ಗೆಳೆಯನು ನಮ್ಮೊಳಗೆ ಸತ್ತುಹೋಗಿರುವದಿಲ್ಲ, ಬೂದಿಯ ಕೆಳಗಿನ ಕೆಂಡದಂತೆ ಇರುತ್ತಾನೆ. ಆದರೆ ಆ ಬೂದಿಯನ್ನು ಊದುವದಕ್ಕೆ ಅವನ ಮುಖವೇ ಎದುರಿಗೆ ಬರಬೇಕು.

ಇನ್ನೊಂದು ಸಂಗತಿಯುಂಟು. ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಫ್ರೆಡೆರಿಕ್ ಬಾರ್ಟ್ಲೆಟ್ ಎಂಬವರು ದೂರದೇಶದ ಅಪರಿಚಿತವಾದ ಒಂದು ಕಥೆಯನ್ನು ಜನರಿಗೆ ಓದಲು ಕೊಟ್ಟು, ದಿನಗಳೂ ತಿಂಗಳುಗಳೂ ಕಳೆದ ಮೇಲೆ ಅದನ್ನು ಪುನಃ ಹೇಳಿಸಿ, ೧೯೩೨ರಲ್ಲಿ ತಮ್ಮ ಗ್ರಂಥದಲ್ಲಿ ಅದರ ಫಲವನ್ನು ಬರೆದರು. ಹೇಳಿದವರು ಸುಳ್ಳಾಡಬೇಕೆಂದು ಇರಲಿಲ್ಲ. ಆದರೂ ತಮಗೆ ಒಗ್ಗದ್ದನ್ನು ಬಿಟ್ಟು, ತಮ್ಮ ರೂಢಿಗೆ ಹೊಂದುವದನ್ನು ಸೇರಿಸಿ, ಕಥೆಯನ್ನು ತಮ್ಮದನ್ನಾಗಿ ಮಾಡಿಕೊಂಡಿದ್ದರು. ಪರರ ಕಥೆಗೆ ಹೀಗಾಗುವದಾದರೆ, ನಮ್ಮ ಸ್ವಂತ ಕಥೆಯನ್ನು ನಾವು ವರುಷಗಟ್ಟಲೆ ಹೇಳಿಕೊಂಡು ಬರುವಾಗ ಎಷ್ಟು ಮಾತ್ರ ತಿದ್ದುವೆವೋ! ಹೀಗಿರಲಾಗಿ, ಒಬ್ಬನೇ ಕಾದಿಟ್ಟ ನೆನಪು ಸಾಕ್ಷಿಯಿಲ್ಲದ ಕರಾರುಪತ್ರದ ಹಾಗಿರುವದು.

ಹಳೆಯ ಸಹಪಾಠಿಗಳಲ್ಲಿ ಎರಡು ವಿಧವಾದ ತಪ್ಪುಗಳು ನಡೆಯುತ್ತವೆ. ನಮ್ಮ ನಾಡಿನ ಬಯಲಾಟಗಳಲ್ಲಿ ನೀವು ನೋಡಿರುವ ದ್ರೋಣ ದ್ರುಪದರ ಕಥೆಯು ಎರಡನ್ನೂ ತೋರಿಸುವದು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಆಶ್ರಮದಲ್ಲಿ ಕಲಿತವರು. ದ್ರುಪದನು ಅರಸನಾದನು, ದ್ರೋಣನು ಬಡವನಾಗಿಯೇ ಉಳಿದನು. ಬಡವನು ಹಳೇ ಗೆಳೆತನವನ್ನು ನೆನಸಿಕೊಂಡು ಆಸ್ಥಾನಕ್ಕೆ ಹೋದಾಗ, ಅರಸನಿಗೂ ದರಿದ್ರನಿಗೂ ಎಲ್ಲಿಯ ಸ್ನೇಹವೆಂದು ದ್ರುಪದನು ಅವನನ್ನು ಅವಮಾನಪಡಿಸಿದನು. ದ್ರೋಣನು ಅದನ್ನು ಮರೆಯದೆ, ತನ್ನ ಶಿಷ್ಯರಿಂದ ಅವನನ್ನು ಸೆರೆಹಿಡಿಸಿ ತರಿಸಿ, ಅರ್ಧ ರಾಜ್ಯವನ್ನು ಕಿತ್ತುಕೊಂಡನು. ಒಬ್ಬನು ನೆನಪನ್ನು ಅಲ್ಲಗಳೆದನು, ಇನ್ನೊಬ್ಬನು ನೆನಪನ್ನೇ ಸಾಲದ ಪತ್ರವನ್ನಾಗಿ ಮಾಡಿದನು. ಈ ಹೊತ್ತಿಗೂ ಹೀಗೆಯೇ. ಮೇಲೇರಿದವನು, ನಿಮ್ಮ ಗುರುತು ಹತ್ತಲಿಲ್ಲವಲ್ಲಾ ಎನ್ನುತ್ತಾನೆ. ಇನ್ನೊಬ್ಬನು ಬೆಂಚಿನ ಹೆಸರು ಹೇಳಿ ಓಟನ್ನೋ ಕೈಗಡವನ್ನೋ ಕೇಳುತ್ತಾನೆ. ಆದರೆ ಮೂರನೆಯ ತಪ್ಪೊಂದುಂಟು. ಅದರಲ್ಲಿ ಗದ್ದಲವಾಗಲಿ ಅವಮಾನವಾಗಲಿ ಕಾಣುವದಿಲ್ಲ. ಅದು ನಮ್ಮ ತಪ್ಪು.

ನಾವು ೨೦೦೧ನೆಯ ಇಸವಿಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತೆವು. ಎಂಟನೆಯ ತರಗತಿಯಿಂದ ನಮ್ಮ ಪಕ್ಕದಲ್ಲಿ ಕಿಟಕಿಯ ಬಳಿಯಲ್ಲಿ ಒಬ್ಬ ಗೆಳೆಯನು ಕೂಡುತ್ತಿದ್ದನು. ಲೆಕ್ಕದಲ್ಲಿ ನಮಗಿಂತ ಚುರುಕು. ಒಂಭತ್ತನೆಯ ತರಗತಿಯ ನಡುವೆ, ಮಳೆಯಿಲ್ಲದ ಒಂದು ವರುಷದಲ್ಲಿ, ಅವನ ತಂದೆತಾಯಿಗಳು ಕಟ್ಟಡದ ಕೂಲಿಗೆಂದು ಗೋವೆಗೆ ಹೋದರು, ಅವನನ್ನೂ ಕರಕೊಂಡು ಹೋದರು. ಕೆಲವು ತಿಂಗಳಾದ ಮೇಲೆ ಅವನಿಂದ ನಮಗೆ ಒಂದು ಅಂಚೆಯ ಕಾರ್ಡು ಬಂತು. ಶಾಲೆಯಲ್ಲಿ ಯಾವ ಪಾಠ ನಡೆದದೆ ಎಂದು ಕೇಳಿದ್ದನು. ಪರೀಕ್ಷೆಯಾದ ಮೇಲೆ ಉತ್ತರ ಬರೆಯೋಣವೆಂದು ಅದನ್ನು ಪುಸ್ತಕದೊಳಗಿಟ್ಟೆವು. ಪರೀಕ್ಷೆಯಾಯಿತು, ಫಲಿತಾಂಶ ಬಂತು, ಕಾಲೇಜಾಯಿತು, ಸೆಮಿನರಿಯಾಯಿತು. ಕಾರ್ಡು ಎಲ್ಲಿ ಹೋಯಿತೋ ನಾವರಿಯೆವು.

೨೦೧೬ರಲ್ಲಿ ನಮ್ಮ ತರಗತಿಯವರ ಗುಂಪು ವಾಟ್ಸ್ಆ್ಯಪಿನಲ್ಲಿ ಹುಟ್ಟಿತು. ಪರೀಕ್ಷೆಗೆ ಕೂತವರ ಪಟ್ಟಿಯನ್ನು ಯಾರೋ ಶಾಲೆಯಿಂದ ತಂದರು, ಅದರ ಪ್ರಕಾರ ಹೆಸರುಗಳು ಸೇರಿದವು. ೨೦೨೩ರ ಮೇ ತಿಂಗಳಲ್ಲಿ ನಾವೆಲ್ಲರು ಶಾಲೆಯ ಅಂಗಳದಲ್ಲಿ ಕೂಡಿದೆವು. ನಿವೃತ್ತರಾಗಿ ತಲೆ ಬೆಳ್ಳಗಾಗಿದ್ದ ಲೆಕ್ಕದ ಮೇಷ್ಟರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ಸಂತೋಷಿಸಿ, ಕಡೆಯಲ್ಲಿ, ‘ಮೂರನೇ ಬೆಂಚಿನಲ್ಲಿ ಕಿಟಕಿ ಹತ್ತಿರ ಕೂಡುತ್ತಿದ್ದ ಹುಡುಗ ಎಲ್ಲಿ?’ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ನಮ್ಮ ಕಡೆಗೆ ನೋಡಿದರು, ಯಾಕಂದರೆ ಆ ಬೆಂಚು ನಮ್ಮದಾಗಿತ್ತು. ಒಬ್ಬ ಮಿತ್ರನು ಮೆಲ್ಲಗೆ, ‘ಅವನು ಪರೀಕ್ಷೆಗೇ ಕೂಡಲಿಲ್ಲವಲ್ಲಾ, ನಮ್ಮ ಬ್ಯಾಚಿನವನು ಹೇಗಾದಾನು?’ ಅಂದನು. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ನಮ್ಮನ್ನು ಚುಚ್ಚಿತು, ಯಾಕಂದರೆ ಇಪ್ಪತ್ತು ವರುಷಕ್ಕೂ ಮೇಲಾಗಿ ನಾವು ಅದೇ ಲೆಕ್ಕದಿಂದ ನಡೆದಿದ್ದೆವು.

ಅವನ ಊರಿಗೆ ಹೋಗಿ, ಅವನ ಅಕ್ಕನಿಂದ ಮೊಬೈಲಿನ ಸಂಖ್ಯೆಯನ್ನು ತೆಗೆದುಕೊಂಡು ಮಾತಾಡಿದೆವು. ಈಗ ಅವನು ಗೋವೆಯಲ್ಲಿ ಗೌಂಡಿ. ಕಾರ್ಡಿಗೆ ಉತ್ತರ ಬರೆಯದೆ ಹೋದದ್ದನ್ನು ಕ್ಷಮಿಸೆಂದು ಕೇಳಿದೆವು. ಅವನು, ‘ಒಂದು ವರುಷ ದಾರಿ ನೋಡಿದೆ, ಆಮೇಲೆ ಬಿಟ್ಟೆ’ ಅಂದನು. ಬೈಯಲಿಲ್ಲ, ಪರವಾಗಿಲ್ಲವೆಂದೂ ಹೇಳಲಿಲ್ಲ. ಆ ಮೇಲೆ ಬೇರೆ ಮಾತಾಡುತ್ತಾ, ‘ನನ್ನ ಕಂಪಾಸ ಪೆಟ್ಟಿಗೆ ಇನ್ನೂ ಉಂಟೇನು?’ ಎಂದು ಕೇಳಿದನು.

ವಾಚಕರೇ, ಇಲ್ಲಿ ನಾವು ನಾಚಿಕೆಯಿಂದ ಒಂದು ಸಂಗತಿಯನ್ನು ಬರೆಯಬೇಕಾಗಿದೆ. ಬಡಗೆಳೆಯನೊಬ್ಬನಿಗೆ ನಮ್ಮ ಕಂಪಾಸ ಪೆಟ್ಟಿಗೆಯನ್ನು ಎರಡು ವರುಷ ಕೊಟ್ಟು ಲೆಕ್ಕ ಮಾಡಿಸಿದೆವೆಂದು ನಾವು ಮಕ್ಕಳ ಕೂಟಗಳಲ್ಲಿ ಎಷ್ಟೋ ಸಾರಿ ಹೇಳಿದ್ದೆವು. ಪರೋಪಕಾರಕ್ಕೆ ಅದು ನಮ್ಮ ದೃಷ್ಟಾಂತವಾಗಿತ್ತು. ಅದು ನಿಜವೆಂದೇ ನಂಬಿದ್ದೆವು. ಆ ತಗಡಿನ ಪೆಟ್ಟಿಗೆಯು ತುಕ್ಕುಹಿಡಿದು ನಮ್ಮ ಮನೆಯಲ್ಲಿಯೇ ಇತ್ತು. ನಮ್ಮ ಮಗಳು ಅದರಲ್ಲಿ ಸೂಜಿ ದಾರ ಇಡುತ್ತಿದ್ದಳು. ಆ ರಾತ್ರಿ ಅದನ್ನು ತೆಗೆದು ಮುಚ್ಚಳದ ಒಳಮೈಯನ್ನು ಒರಸಿ ನೋಡಿದೆವು. ಕೈವಾರದ ಮೊನೆಯಿಂದ ಕೆತ್ತಿದ ಒಂದು ಅಕ್ಷರವಿತ್ತು. ಅದು ನಮ್ಮ ಹೆಸರಿನ ಅಕ್ಷರವಲ್ಲ, ಅವನದು. ಸುಗ್ಗಿಯ ಕೂಲಿಯಲ್ಲಿ ಉಳಿಸಿ ಅವನ ತಾಯಿ ಅದನ್ನು ಕೊಂಡುಕೊಟ್ಟಿದ್ದಳು. ಎರಡು ವರುಷ ಅದರಿಂದ ಲೆಕ್ಕ ಮಾಡಿದವರು ನಾವು. ಶಾಲೆ ಬಿಡುವ ದಿವಸ, ನನಗಿನ್ನು ಬೇಕಾಗದೆಂದು ಅವನೇ ನಮ್ಮ ಕೈಯಲ್ಲಿ ಇಟ್ಟು ಹೋಗಿದ್ದನು. ಸಾಲಗಾರರಾದ ನಾವು ನಮ್ಮನ್ನು ದಾನಿಗಳೆಂದು ಬರೆದುಕೊಂಡಿದ್ದೆವು, ಸಾಕ್ಷಿಯು ದೂರದಲ್ಲಿದ್ದದರಿಂದ ನಮ್ಮನ್ನು ತಿದ್ದುವವರು ಇರಲಿಲ್ಲ.

ಆದಕಾರಣ ಸಹಪಾಠಿ ಯಾರೆಂಬ ಪ್ರಶ್ನೆಗೆ ನಮ್ಮ ಉತ್ತರವಿದು: ಪರೀಕ್ಷೆಯ ಪಟ್ಟಿಯು ಸಹಪಾಠಿಯನ್ನು ಗೊತ್ತುಮಾಡುವದಿಲ್ಲ, ಬೆಂಚು ಗೊತ್ತುಮಾಡುವದು. ಸಾಗಿ ಬಂದವರು ಮಾತ್ರ ಕೂಡಿ ನೆನಸಿಕೊಳ್ಳುವ ಬಾಲ್ಯವು ಅರೆಬಾಲ್ಯ, ಅದರಲ್ಲಿ ಬಿಟ್ಟುಹೋದವರಿಗೆ ನಾವು ಕೊಡಬೇಕಾದ ಲೆಕ್ಕವೇ ಇರುವದಿಲ್ಲ. ಹಿಂದೆ ಬಿದ್ದವನು ಸಾಮಾನ್ಯವಾಗಿ ತನ್ನ ತಪ್ಪಿನಿಂದ ಬಿದ್ದವನಲ್ಲ. ಆರರಿಂದ ಹದಿನಾಲ್ಕು ವರುಷದ ಮಕ್ಕಳಿಗೆ ಉಚಿತವಾದ ಕಡ್ಡಾಯ ಶಿಕ್ಷಣವನ್ನು ಕೊಡತಕ್ಕದ್ದೆಂಬ ಕಾಯಿದೆಯು ನಮ್ಮ ದೇಶದಲ್ಲಿ ೨೦೦೯ರಲ್ಲಿ ಹುಟ್ಟಿ ೨೦೧೦ರ ಎಪ್ರಿಲಿನಿಂದ ನಡೆಯಿತು. ನಮ್ಮ ಗೆಳೆಯನ ಕಾಲಕ್ಕೆ ಅದೂ ಇರಲಿಲ್ಲ. ಇದ್ದರೂ ಅದು ಎಂಟನೆಯ ತರಗತಿಯ ಬಾಗಲಿಗೆ ನಿಲ್ಲುವದು. ಒಂಭತ್ತನೆಯ ತರಗತಿಯಲ್ಲಿ ಬೆಂಚು ಖಾಲಿಯಾಗುವದನ್ನು ಮೊದಲು ಕಾಣುವವನು ಪಕ್ಕದಲ್ಲಿ ಕೂತವನೇ.

ದಾನಿಯೇಲನ ಚರಿತ್ರೆಯನ್ನು ನೀವು ಬಲ್ಲಿರಿ. ಅವನೂ ಹನನ್ಯ, ಮೀಶಾಯೇಲ, ಅಜರ್ಯರೆಂಬವರೂ ಪರದೇಶದಲ್ಲಿ ಮೂರು ವರುಷ ಒಟ್ಟಿಗೆ ಕಲಿಯುವದಕ್ಕೆ ನೇಮಿಸಲ್ಪಟ್ಟ ಹುಡುಗರಾಗಿದ್ದರು. ಅರಸನು ದಾನಿಯೇಲನನ್ನು ಹೆಚ್ಚಿಸಿ ಬಹುಮಾನಗಳನ್ನು ಕೊಟ್ಟ ದಿವಸದಲ್ಲಿ ಅವನು ಅರಸನ ಹತ್ತಿರ ಬೇಡಿಕೊಂಡದ್ದು ಆ ಮೂವರಿಗಾಗಿ. ಅಪಾಯದ ರಾತ್ರಿಯಲ್ಲಿ ಅವನ ಸಂಗಡ ಇದ್ದವರನ್ನು ಮಾನದ ದಿವಸದಲ್ಲಿ ಅವನು ಮರೆಯಲಿಲ್ಲ. ಅವರು ಬಂದು ಕೇಳುವ ತನಕ ಕಾಯಲೂ ಇಲ್ಲ.

ಕಡೆಯದಾಗಿ ಮೂರು ಮಾತುಗಳನ್ನು ಹೇಳುತ್ತೇವೆ. ಒಂದನೆಯದು, ಹಳೆಯ ಗೆಳೆಯರು ಕೂಡುವ ಮೊದಲು ಹತ್ತನೆಯ ತರಗತಿಯ ಪಟ್ಟಿಯನ್ನು ಬಿಟ್ಟು ಎಂಟನೆಯ ತರಗತಿಯ ಹಾಜರಿಯನ್ನು ನೋಡಿರಿ. ನಡುವೆ ಬಿಟ್ಟುಹೋದ ಹುಡುಗನನ್ನೂ, ಬೇಗನೆ ಮದುವೆಯಾಗಿ ಹೋದ ಹುಡುಗಿಯನ್ನೂ ಹುಡುಕಿರಿ. ಖರ್ಚಿನ ಹಣ ಇಷ್ಟೇ ಎಂದು ಗೊತ್ತುಮಾಡಿ ಯಾರನ್ನೂ ದೂರವಿಡಬೇಡಿರಿ. ಎರಡನೆಯದು, ಅಡ್ಡಹೆಸರುಗಳನ್ನೂ ಒಬ್ಬನ ಹರಕು ಅಂಗಿಯ ಮಾತನ್ನೂ ನಗೆಗಾಗಿ ಎತ್ತಬೇಡಿರಿ. ಒಬ್ಬನನ್ನು ತಗ್ಗಿಸುವ ನೆನಪು ಎಲ್ಲರ ಸೊತ್ತಲ್ಲ, ಅದು ಅವನೊಬ್ಬನದೇ. ಅವನಾಗಿ ತೆರೆದರೆ ಕೇಳಬಹುದು. ಮೂರನೆಯದು, ನಿಮ್ಮ ನೆನಪನ್ನು ಹೇಳುವದಕ್ಕಿಂತ ಮೊದಲು ಅವರ ನೆನಪನ್ನು ಕೇಳಿರಿ. ನಿಮ್ಮ ಕಥೆಯು ತಿದ್ದಲ್ಪಡುವದಾದರೆ ಸಿಟ್ಟಾಗಬೇಡಿರಿ.

೨೦೨೪ರಲ್ಲಿ ನಮ್ಮ ಗೆಳೆಯನು ಜಾತ್ರೆಗೆಂದು ಊರಿಗೆ ಬಂದಾಗ ಆ ಪೆಟ್ಟಿಗೆಯನ್ನು ತೆಗೆದುಕೊಂಡು ಅವನ ಮನೆಗೆ ಹೋದೆವು. ಅವನು ಮುಚ್ಚಳವನ್ನು ತೆರೆದು, ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿ, ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಕೊಟ್ಟನು. ಆಕೆ ಒಂಭತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಈಗ ನಾವು ಮಕ್ಕಳ ಕೂಟಗಳಲ್ಲಿ ಕಂಪಾಸ ಪೆಟ್ಟಿಗೆಯ ಕಥೆಯನ್ನು ಹೇಳುವದುಂಟು, ಆದರೆ ಅದು ಯಾರದೆಂಬದನ್ನು ಮೊದಲು ಹೇಳುತ್ತೇವೆ. ನಿಮ್ಮ ಮನೆಯಲ್ಲಿಯೂ ಉತ್ತರ ಬರೆಯದ ಕಾಗದವೊಂದು ಇದ್ದೀತು. ಬರೆದವನು ಇನ್ನೂ ದಾರಿ ನೋಡುತ್ತಿರುವನೋ ಇಲ್ಲವೋ, ಉತ್ತರ ಬರೆಯುವದು ನಿಮ್ಮ ಪಾಲಿನದು.