ಸತ್ತಂತೆ ಕಾಣುವ ಗಿಡ



ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ, ಬಂಡೆಗಳ ಸಂದಿಯಲ್ಲಿ ಮೈರೊಥಾಮ್ನಸ್ ಎಂಬ ಪೊದೆ ಬೆಳೆಯುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅದರ ಎಲೆಗಳು ಮುದುಡಿ, ಕಂದಾಗಿ, ಹಿಡಿದರೆ ಪುಡಿಯಾಗುವಷ್ಟು ಒಣಗುತ್ತವೆ. ತನ್ನಲ್ಲಿದ್ದ ನೀರಿನ ನೂರಕ್ಕೆ 95 ಪಾಲನ್ನೂ ಕಳೆದುಕೊಂಡ ಗಿಡವದು. ಒಲೆಗಲ್ಲದೆ ಬೇರಾವುದಕ್ಕೂ ಬಾರದು ಎನ್ನುತ್ತೇವೆ. ಒಂದು ಒಳ್ಳೆಯ ಮಳೆ ಬೀಳಲಿ, ಎರಡು ಮೂರು ದಿನಗಳೊಳಗೆ ಎಲೆ ಬಿಚ್ಚಿ ಹಸಿರಾಗುತ್ತದೆ. ಹೊಸ ಚಿಗುರಲ್ಲ, ಅದೇ ಹಳೆಯ ಎಲೆ!

ಕೇಪ್‌ಟೌನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಿಲ್ ಫ್ಯಾರಂಟ್ ಒಂಬತ್ತು ವರ್ಷದ ಬಾಲಕಿಯಾಗಿದ್ದಾಗಲೇ ಇಂತಹ ಗಿಡವನ್ನು ಕಂಡು ಬೆರಗಾದವರು. ಮುಂದೆ ಅದನ್ನೇ ತಮ್ಮ ಸಂಶೋಧನೆಯಾಗಿಸಿಕೊಂಡರು. 2012ರಲ್ಲಿ ಲೋರಿಯಲ್-ಯುನೆಸ್ಕೊ ಪ್ರಶಸ್ತಿ ಪಡೆದರು. ವಿಜ್ಞಾನಿಗಳು ಇವನ್ನು ‘ಪುನರುತ್ಥಾನ ಸಸ್ಯಗಳು’ ಎಂದು ಕರೆಯುತ್ತಾರೆ. ಹೆಸರು ಕೇಳಿದೊಡನೆ ಪಾಸ್ಖ ಹಬ್ಬದ ಪ್ರಬೋಧನೆಗೆ ಒಳ್ಳೆಯ ಸಾಮತಿ ಸಿಕ್ಕಿತೆಂದು ನನ್ನಂಥ ಗುರುಗಳು ಹಿಗ್ಗಬಾರದು. ಗಿಡ ಸತ್ತಿರಲೇ ಇಲ್ಲ. ಪ್ರಭು ಯೇಸುವಾದರೋ ನಿಜವಾಗಿಯೇ ಸತ್ತು ಸಮಾಧಿ ಸೇರಿದರು. ಈ ವ್ಯತ್ಯಾಸವನ್ನು ಮರೆತರೆ ನಮ್ಮ ವಿಶ್ವಾಸ ಬರೀ ಋತುಗಳ ಕಥೆಯಾದೀತು.

ಗಿಡದ ಒಳಗೆ ನಡೆಯುವುದನ್ನು ನೋಡಿ. ನೀರು ಹೊರಟ ಜಾಗದಲ್ಲಿ ಸಕ್ಕರೆಯ ಅಂಶಗಳು ತುಂಬಿಕೊಂಡು ಗಾಜಿನಂತೆ ಗಟ್ಟಿಯಾಗಿ, ಜೀವಕೋಶದ ಸೂಕ್ಷ್ಮ ಭಾಗಗಳನ್ನು ಕುಸಿಯದಂತೆ ಹಿಡಿದಿಡುತ್ತವೆ. ಬಿಸಿಲು ಸುಡದಿರಲೆಂದು ಎಲೆ ಮಡಚಿಕೊಳ್ಳುತ್ತದೆ. ಆದರೆ ಈ ಸಿದ್ಧತೆಗೆ ಸಮಯ ಬೇಕು. ಇಂತಹ ಅನೇಕ ಗಿಡಗಳನ್ನು ಬುಡದಿಂದ ಕಿತ್ತು ಅವಸರದಲ್ಲಿ ಒಣಗಿಸಿದರೆ ಅವೂ ಸಾಯುತ್ತವೆ. ಸ್ವಲ್ಪವಾದರೂ ನೀರಿರುವಾಗಲೇ ಸಿದ್ಧತೆ ನಡೆಯಬೇಕು. ಪ್ರಾರ್ಥನೆಯಲ್ಲಿ ರುಚಿ ಇರುವ ದಿನಗಳಲ್ಲೇ ಕುಟುಂಬದ ಜಪಸರವನ್ನು ರೂಢಿಮಾಡಿಕೊಳ್ಳಿ ಎಂದು ಹಿರಿಯರು ಒತ್ತಾಯಿಸುತ್ತಿದ್ದುದು ಸುಮ್ಮನೆ ಅಲ್ಲ.

ಮನೆಗಳ ಭೇಟಿಗೆ ಹೋದಾಗ ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ಸ್ವಾಮಿ, ಅವನ ಕಥೆ ಮುಗಿದ ಹಾಗೇ. ಅವನ ಹೆಸರೆತ್ತಬೇಡಿ.” ಕುಡಿತಕ್ಕೆ ಬಿದ್ದ ಮಗ, ವರ್ಷಗಳಿಂದ ಪೂಜೆಗೆ ಬಾರದ ಗಂಡ, ಮಾತು ಬಿಟ್ಟ ತಮ್ಮ. ಕೈಯೆತ್ತಿ ಹೊಡೆಯುವವನ ಜೊತೆ ಸಹಿಸಿಕೊಂಡು ಬಾಳಿ ಎಂದು ನಾನೆಂದೂ ಹೇಳಲಾರೆ. ಪ್ರಾಣ ಕಾಪಾಡಿಕೊಂಡು ದೂರವಿರುವುದು ತಪ್ಪಲ್ಲ. ಆದರೆ ದೂರವಿರುವುದು ಬೇರೆ, ಸತ್ತನೆಂದು ತೀರ್ಪು ಕೊಡುವುದು ಬೇರೆ. ಆ ತೀರ್ಪು ಕೊಡುವಷ್ಟು ಒಳಗನ್ನು ಕಂಡವರು ನಮ್ಮಲ್ಲಿ ಯಾರು?

ಫ್ಯಾರಂಟ್ ಅವರ ಗುರಿ ಬರಗಾಲದ ರೈತ. ಮೆಕ್ಕೆಜೋಳದ ಬೀಜಕ್ಕೂ ಒಣಗಿ ಬದುಕುವ ಶಕ್ತಿ ಇದ್ದೇ ಇದೆ; ಅದರ ಎಲೆಯಲ್ಲಿ ಮಾತ್ರ ಆ ಶಕ್ತಿ ಎಚ್ಚರವಾಗಿಲ್ಲ. ಪುನರುತ್ಥಾನ ಸಸ್ಯಗಳು ಬೀಜದ ಆ ಗುಣವನ್ನೇ ಎಲೆಯಲ್ಲಿಯೂ ಬಳಸುತ್ತವೆ. ನಿಮ್ಮ ಮಗನಿಗೂ ಜ್ಞಾನಸ್ನಾನವಾಗಿದೆಯಲ್ಲವೇ? ರಾತ್ರಿಯ ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಕೈಬಿಟ್ಟಿದ್ದರೆ, ಇಂದು ಮತ್ತೆ ಸೇರಿಸಿ.